ನಾಲೆಯ ದಂಡೆಯ ಸೈಕಲ್ ಹಾದಿಯೂ ದೇಹಾರೋಗ್ಯವೂ

ಮಹಾನಗರಗಳಲ್ಲಿ ನೆಲೆಸಿರುವ ನಮ್ಮ ದಿನಚರಿಯಲ್ಲಿ ಮೈಬಗ್ಗಿಸಿ ದುಡಿಯುವ ಅವಕಾಶ ಕಡಿಮೆ. ಬೆಳಗಿನಿಂದ ಸಂಜೆಯವರೆಗೆ ಕುರ್ಚಿ, ಮಿಕ್ಕ ಹೊತ್ತು ರೈಲು ಬಸ್ಸುಗಳ ನೂಕುನುಗ್ಗಲು. ಹೃದ್ರೋಗವೂ ಮಧುಮೇಹವೂ ಪಾಶ್ಚಾತ್ಯರಿಗಿಂತ ಭಾರತೀಯರನ್ನು ಎಳೆಯ ವಯಸ್ಸಿನಲ್ಲೇ ಕಾಡುತ್ತವೆಂದು ವೈದ್ಯರು ಬಹುಕಾಲದಿಂದ ಎಚ್ಚರಿಸುತ್ತ ಬಂದಿದ್ದಾರೆ. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷಗಳಷ್ಟು ಮಧ್ಯಮ ಪ್ರಮಾಣದ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಸಲಹೆಯಿತ್ತಿದೆ. ಸೈಕಲ್ ಸವಾರಿ ಇದಕ್ಕೆ ಉತ್ತಮ ಸಾಧನ. ಆದರೆ ಎಂತಹ ಹಾದಿಯಲ್ಲಿ ಸವಾರಿ ಮಾಡಬೇಕೆಂಬ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಕೇಳಿಕೊಳ್ಳುವುದಿಲ್ಲ. ವಾಹನಗಳ ಹೊಗೆ, ಭಯ, ಕಡಿದಾದ ಏರು ಇವು ವ್ಯಾಯಾಮದ ಲಾಭವನ್ನು ಕುಂದಿಸುವುವು. ಅಮೆರಿಕದ ಒಂದು ಹಳೆಯ ನಾಲೆಯ ದಂಡೆಯನ್ನು ಉದಾಹರಣೆಯಾಗಿಟ್ಟುಕೊಂಡು ಈ ಪ್ರಶ್ನೆಯನ್ನು ಇಲ್ಲಿ ವಿಚಾರಿಸಲಾಗಿದೆ. ಮಕ್ಕಳ ಮನೆಗೆಂದು ಮೇರಿಲ್ಯಾಂಡ್, ವರ್ಜೀನಿಯಾಗಳಿಗೆ ಹೋಗಿ ತಿಂಗಳುಗಟ್ಟಲೆ ತಂಗುವ ಓದುಗರಿಗೆ ಇದು ನೇರವಾಗಿಯೂ ಉಪಯೋಗಕ್ಕೆ ಬಂದೀತು.

ಗ್ರಾವೆಲ್ ಸೈಕಲ್ ಎಂದರೇನು?

ಜಲ್ಲಿ, ಗರಸು, ಗಟ್ಟಿಮಣ್ಣಿನ ಹಾದಿಗಳಲ್ಲಿ ಓಡಿಸಲು ತಕ್ಕ ಸೈಕಲ್ಲಿಗೆ ಈಗ ಗ್ರಾವೆಲ್ ಬೈಕ್ ಎಂಬ ಹೆಸರು ಬಂದಿದೆ. ನೋಟಕ್ಕೆ ಪಂದ್ಯದ ಸೈಕಲ್ಲಿನಂತಿದ್ದರೂ ಇದರ ಟೈರು ಅಗಲ; ಸುಮಾರು 35ರಿಂದ 50 ಮಿಲಿಮೀಟರ್. ಅಗಲವಾದ ಟೈರಿಗೆ ಗಾಳಿಯನ್ನು ಕಡಿಮೆ ಒತ್ತಡದಲ್ಲಿ ತುಂಬಬಹುದು. ಅಂತಹ ಟೈರು ಕಲ್ಲಿನ ಮೇಲೆ ಹಾಯುವಾಗ ತಾನೇ ತುಸು ಕುಗ್ಗಿ, ಅಂಗೈಗೂ ಬೆನ್ನಿಗೂ ತಗುಲುವ ಅದುರನ್ನು ಹೀರಿಕೊಳ್ಳುವುದು. ನೆಲದ ಮೇಲಿನ ಹಿಡಿತವೂ ಹೆಚ್ಚುವುದು. ಮುಂದೆ ಹೇಳಲಿರುವ ಹಾದಿಗೆ ದುಬಾರಿ ಸೈಕಲ್ಲೇ ಬೇಕೆಂದಿಲ್ಲ. ಅಗಲ ಟೈರಿನ ಸಾಮಾನ್ಯ ಸೈಕಲ್ಲೂ ಸಾಕು.

ಹೇಸರಗತ್ತೆಗಳ ಹಾದಿ

ಚೆಸಪೀಕ್ ಅಂಡ್ ಓಹಾಯೊ ನಾಲೆಯು ವಾಷಿಂಗ್ಟನ್ ನಗರದ ಜಾರ್ಜ್‌ಟೌನ್‌ನಿಂದ ಮೇರಿಲ್ಯಾಂಡಿನ ಕಂಬರ್‌ಲ್ಯಾಂಡ್‌ವರೆಗೆ ಪೊಟೊಮ್ಯಾಕ್ ನದಿಯ ಎಡದಂಡೆಯನ್ನು ಅನುಸರಿಸಿ 184.5 ಮೈಲಿ, ಎಂದರೆ ಸುಮಾರು 297 ಕಿಲೋಮೀಟರ್ ಸಾಗುತ್ತದೆ. ನಮ್ಮ ಮಂಡ್ಯದ ಸೀಮೆಯ ನಾಲೆಗಳಂತೆ ಹೊಲಗದ್ದೆಗೆ ನೀರುಣಿಸಲು ಇದನ್ನು ತೋಡಲಿಲ್ಲ. ಸರಕುದೋಣಿಗಳ ಸಂಚಾರಕ್ಕಾಗಿ ತೋಡಿದರು. 1828ರ ಜುಲೈ 4ರಂದು ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್ ಇದಕ್ಕೆ ಗುದ್ದಲಿಪೂಜೆ ಮಾಡಿದರು. ಅದೇ ದಿನ ಬಾಲ್ಟಿಮೋರಿನಲ್ಲಿ ಪ್ರತಿಸ್ಪರ್ಧಿಯಾದ ರೈಲುಮಾರ್ಗಕ್ಕೂ ಶಂಕುಸ್ಥಾಪನೆಯಾಯಿತು. ರೈಲು 1842ರಲ್ಲೇ ಕಂಬರ್‌ಲ್ಯಾಂಡನ್ನು ಮುಟ್ಟಿತು. ನಾಲೆ ಅಲ್ಲಿಗೆ ತಲುಪಿದ್ದು 1850ರಲ್ಲಿ. ಆದರೂ ಮುಖ್ಯವಾಗಿ ಕಲ್ಲಿದ್ದಲನ್ನು ಹೊತ್ತು ದೋಣಿಗಳು 1924ರವರೆಗೆ ಓಡಾಡಿದವು.

ದೋಣಿಗಳಿಗೆ ಯಂತ್ರವಿರಲಿಲ್ಲ. ದಂಡೆಯ ಮೇಲೆ ನಡೆಯುವ ಹೇಸರಗತ್ತೆಗಳು ಹಗ್ಗ ಕಟ್ಟಿ ಎಳೆಯುತ್ತಿದ್ದವು. ಅವು ನಡೆದ ದಾರಿಯೇ ಇಂದಿನ ಸೈಕಲ್ ಹಾದಿ. ಇಡೀ ನಾಲೆಯ ಏರು ಸುಮಾರು 605 ಅಡಿ. ಅದನ್ನು 74 ಕಡೆಗಳಲ್ಲಿ ‘ಲಾಕ್’ ಎಂಬ ಕಲ್ಲಿನ ತೊಟ್ಟಿಗಳಿಗೆ ಹಂಚಿದ್ದಾರೆ. ತೊಟ್ಟಿಯ ಕೆಳಬಾಗಿಲನ್ನು ಮುಚ್ಚಿ ನೀರು ತುಂಬಿಸಿದರೆ ದೋಣಿ ಸುಮಾರು ಎಂಟು ಅಡಿ ಮೇಲಕ್ಕೇಳುತ್ತಿತ್ತು. ಹಾದಿಯೂ ಅಲ್ಲಿ ಮಾತ್ರ ತುಸು ಏರಿ, ಮತ್ತೆ ಮೈಲಿಗಟ್ಟಲೆ ಸಮತಟ್ಟಾಗಿರುವುದು. ಸರಾಸರಿ ಲೆಕ್ಕ ಹಾಕಿದರೆ ಕಿಲೋಮೀಟರಿಗೆ ಮುಕ್ಕಾಲು ಮೀಟರಿನಷ್ಟೂ ಏರಿಲ್ಲ. ಪ್ರಾಣಿ ದಣಿಯದಿರಲೆಂದು ಅಂದಿನ ಎಂಜಿನಿಯರುಗಳು ಸಾಧಿಸಿದ ಈ ಸಮತಲವೇ ಇಂದು ನಡುವಯಸ್ಸಿನ ಮನುಷ್ಯನ ಹೃದಯಕ್ಕೆ ಅನುಕೂಲವಾಗಿದೆ.

ಹಾದಿ ಉಳಿದ ಬಗೆ

1938ರಲ್ಲಿ ನಾಲೆಯನ್ನು ಸರ್ಕಾರ ಕೊಂಡುಕೊಂಡಿತು. ಅದರ ಗುಂಟ ಮೋಟಾರು ರಸ್ತೆ ಮಾಡಬೇಕೆಂಬ ಯೋಜನೆ ಮುಂದೆ ಬಂದಾಗ, 1954ರ ಜನವರಿಯಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯು ಸಂಪಾದಕೀಯ ಬರೆದು ಬೆಂಬಲಿಸಿತು. ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ವಿಲಿಯಂ ಓ. ಡಗ್ಲಾಸ್ ಪತ್ರಿಕೆಗೆ ಕಾಗದ ಬರೆದು, ಸಂಪಾದಕರು ತಮ್ಮೊಡನೆ ಈ ಹಾದಿಯನ್ನು ಪೂರ್ತಿ ನಡೆದು ನೋಡಬೇಕೆಂದು ಆಹ್ವಾನಿಸಿದರು. ಆಗ ಅವರಿಗೆ 55 ವರ್ಷ. ಬಾಲ್ಯದ ಕಾಯಿಲೆಯಿಂದ ಸೊರಗಿದ ಕಾಲುಗಳನ್ನು ಬೆಟ್ಟ ಹತ್ತಿ ಬಲಪಡಿಸಿಕೊಂಡುದಾಗಿ ಸ್ವತಃ ಬರೆದುಕೊಂಡವರು ಅವರು. ಮಾರ್ಚ್ ತಿಂಗಳಲ್ಲಿ ಕಂಬರ್‌ಲ್ಯಾಂಡಿನಿಂದ ಹೊರಟ ತಂಡದಲ್ಲಿ ಎಂಟು ದಿನಗಳ ನಡಿಗೆಯನ್ನು ಪೂರ್ಣವಾಗಿ ಮುಗಿಸಿದವರು ಡಗ್ಲಾಸ್ ಸೇರಿ ಒಂಬತ್ತೇ ಮಂದಿ. ಪತ್ರಿಕೆ ತನ್ನ ನಿಲುವನ್ನು ಬದಲಿಸಿತು. ಮೋಟಾರು ರಸ್ತೆಯ ಯೋಜನೆ ಕೈಬಿಟ್ಟುಹೋಯಿತು. 1971ರಲ್ಲಿ ನಾಲೆಯು ರಾಷ್ಟ್ರೀಯ ಐತಿಹಾಸಿಕ ಉದ್ಯಾನವೆಂದು ಘೋಷಿತವಾಯಿತು. ಆರೋಗ್ಯಕರವಾದ ಹಾದಿಗಳು ತಾವಾಗಿ ಉಳಿಯುವುದಿಲ್ಲ, ನಡೆಯುವವರು ಕೇಳಿದರೆ ಉಳಿಯುತ್ತವೆ ಎಂಬುದಕ್ಕೆ ಇದೊಂದು ಪ್ರಬಲ ನಿದರ್ಶನ.

ಕಾಡು, ಹೊಳೆ, ಸುರಂಗ

ಮೊದಲ ಬಾರಿಗೆ ಹೋಗುವವರು ಜಾರ್ಜ್‌ಟೌನ್‌ನಿಂದ ಗ್ರೇಟ್ ಫಾಲ್ಸ್ ಜಲಪಾತದವರೆಗಿನ 14 ಮೈಲಿಯನ್ನೇ ಒಂದು ದಿನದ ಗುರಿಯಾಗಿಟ್ಟುಕೊಳ್ಳಬಹುದು. ಅದರ ಅರ್ಧದಿಂದ ಹಿಂತಿರುಗಿದರೂ ನಷ್ಟವಿಲ್ಲ. 42ನೆಯ ಮೈಲಿಯಲ್ಲಿ ಏಳು ಕಮಾನುಗಳ ಮೊನಾಕಸಿ ಮೇಲ್ಗಾಲುವೆಯಿದೆ. ನದಿಯ ಮೇಲೆ ನಾಲೆಯನ್ನೇ ಹಾಯಿಸಿದ ಈ ಕಲ್ಲುಸೇತುವೆ 1833ರದು. 60ನೆಯ ಮೈಲಿಯ ಬಳಿ ಪೊಟೊಮ್ಯಾಕ್ ಮತ್ತು ಶೆನಾಂಡೋವಾ ನದಿಗಳು ಸಂಗಮಿಸುವ ಹಾರ್ಪರ್ಸ್ ಫೆರಿ ಆಚೆದಡದಲ್ಲಿ ಕಾಣುತ್ತದೆ. ಅಲ್ಲಿಂದ ಮುಂದೆ ಊರುಗಳು ವಿರಳ, ಮರಗಳು ದಟ್ಟ. 155ನೆಯ ಮೈಲಿಯಲ್ಲಿ ಬರುವ ಪಾ ಪಾ ಸುರಂಗದ ಉದ್ದ 3,118 ಅಡಿ. ಒಳಗೆ ಕತ್ತಲು, ಹಾದಿ ಇಕ್ಕಟ್ಟು. ಸೈಕಲ್ಲಿನಿಂದ ಇಳಿದು, ದೀಪ ಹಿಡಿದು ನಡೆಯಬೇಕು. ಕಂಬರ್‌ಲ್ಯಾಂಡಿನ ಆಚೆಗೆ ಪಿಟ್ಸ್‌ಬರ್ಗಿನವರೆಗೆ ಹಳೆಯ ರೈಲುದಾರಿಯ ಮೇಲೆ ಸುಣ್ಣಕಲ್ಲಿನ ಪುಡಿ ಹಾಸಿದ ಇನ್ನೂ 150 ಮೈಲಿಗಳ ಹಾದಿಯಿದೆ. ಕಂಬರ್‌ಲ್ಯಾಂಡಿನಿಂದ ಹೊರಟರೆ ಅದರ ಮೊದಲ ಭಾಗ ಏರು. ಆ ಏರಿಗೆ ತುಸು ಅಭ್ಯಾಸವಿರುವುದು ಒಳ್ಳೆಯದು.

ದೇಹಕ್ಕೆ ಆಗುವ ಪ್ರಯೋಜನ

ಸೈಕಲ್ಲಿನಲ್ಲಿ ದೇಹದ ಭಾರದ ಬಹುಪಾಲನ್ನು ಆಸನವೇ ಹೊರುವುದರಿಂದ ಓಟಕ್ಕಿಂತ ಮಂಡಿಗೆ ಬೀಳುವ ಪೆಟ್ಟು ಕಡಿಮೆ. ಸಮತಟ್ಟಾದ ಹಾದಿಯಲ್ಲಿ ನಾಡಿಯ ಬಡಿತ ಹಠಾತ್ತನೆ ಏರದೆ ಬಹಳ ಹೊತ್ತು ಒಂದೇ ಹದದಲ್ಲಿರುವುದು. ತೊಡೆಯ ದೊಡ್ಡ ಸ್ನಾಯುಗಳು ಎಡೆಬಿಡದೆ ದುಡಿದು ರಕ್ತದಲ್ಲಿನ ಸಕ್ಕರೆಯನ್ನು ಬಳಸಿಕೊಳ್ಳುವುವು. ಹದವನ್ನು ತಿಳಿಯಲು ಸುಲಭವಾದ ಪರೀಕ್ಷೆಯೊಂದುಂಟು: ಸವಾರಿ ಮಾಡುತ್ತ ಮಾತನಾಡಲು ಸಾಧ್ಯವಿರಬೇಕು, ಹಾಡಲು ಸಾಧ್ಯವಾಗಬಾರದು. ಆದರೆ ಭಾರ ಹೊರದ ವ್ಯಾಯಾಮದಿಂದ ಮೂಳೆ ಬಲಿಯುವುದು ಕಡಿಮೆ. ಆದುದರಿಂದ ಸೈಕಲ್ ತುಳಿಯುವವರು, ವಿಶೇಷವಾಗಿ ಮುಟ್ಟು ನಿಂತ ಸ್ತ್ರೀಯರು, ನಡಿಗೆಯನ್ನು ಬಿಡಬಾರದು.

ಕೆಲವು ಎಚ್ಚರಿಕೆಗಳು

1. ಹೃದ್ರೋಗ, ರಕ್ತದ ಒತ್ತಡ ಉಳ್ಳವರೂ ಬಹುಕಾಲ ವ್ಯಾಯಾಮವಿಲ್ಲದವರೂ ಮೊದಲು ವೈದ್ಯರನ್ನು ಕಾಣಬೇಕು. ಎದೆ ಹಿಡಿದಂತಾದರೆ, ತಲೆ ಸುತ್ತಿದರೆ ಕೂಡಲೇ ನಿಲ್ಲಿಸಿ ನೆರವು ಪಡೆಯಬೇಕು.

2. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರ ಜೇಬಿನಲ್ಲಿ ಸಕ್ಕರೆಯಾಗಲಿ ಗ್ಲೂಕೋಸ್ ಆಗಲಿ ಇರಲೇಬೇಕು. ಮೈ ನಡುಗಿ ಬೆವರಿದರೆ ತಡಮಾಡದೆ ತಿನ್ನಬೇಕು.

3. ಪೆಡಲು ತೀರ ಕೆಳಗಿದ್ದಾಗ ಅದರ ಮೇಲೆ ಹಿಮ್ಮಡಿಯಿಟ್ಟರೆ ಕಾಲು ನೇರವಾಗುವಷ್ಟು ಎತ್ತರಕ್ಕೆ ಆಸನವಿರಲಿ. ಆಸನ ತಗ್ಗಾದರೆ ಮಂಡಿ ನೋಯುವುದು.

4. ಅಂಗೈ ಜೋಮು ಹಿಡಿಯದಂತೆ ಆಗಾಗ ಹಿಡಿತ ಬದಲಿಸಬೇಕು. ತಲೆಗೆ ಹೆಲ್ಮೆಟ್ ತಪ್ಪಬಾರದು.

5. ಅಲ್ಲಿನ ಕಾಡಿನ ಹುಲ್ಲುಪೊದೆಗಳಲ್ಲಿರುವ ಒಂದು ಬಗೆಯ ಉಣ್ಣೆಯಿಂದ ಲೈಮ್ ಎಂಬ ರೋಗ ಹರಡುತ್ತದೆ. ಹಾದಿಯ ನಡುವೆಯೇ ಸಾಗಿ, ಮನೆಗೆ ಬಂದೊಡನೆ ಮೈಯನ್ನು ಪರೀಕ್ಷಿಸಿಕೊಳ್ಳಬೇಕು. ಕಚ್ಚಿದ ಜಾಗದ ಸುತ್ತ ಕೆಂಪು ವರ್ತುಲ ಹರಡಿದರೆ ವೈದ್ಯರಿಗೆ ತೋರಿಸಬೇಕು.

6. ಮೂರು ಮೂರು ಎಲೆಗಳ ಪಾಯ್ಸನ್ ಐವಿ ಬಳ್ಳಿಯನ್ನು ಮುಟ್ಟಬಾರದು, ಚರ್ಮದಲ್ಲಿ ಗುಳ್ಳೆಗಳೇಳುವುವು.

ಈ ಹಾದಿಯನ್ನು ಎಲ್ಲರೂ ಕಾಣಲಾರರು. ಅದರ ಪಾಠವನ್ನು ಮಾತ್ರ ಎಲ್ಲರೂ ಬಳಸಿಕೊಳ್ಳಬಹುದು. ಸಮತಟ್ಟಾದ, ಮೆದುವಾದ, ವಾಹನಗಳಿಂದ ದೂರವಾದ, ನೆರಳಿರುವ ಹಾದಿಯೇ ಆರೋಗ್ಯಕ್ಕೆ ಉತ್ತಮ. ನಾವಿರುವ ನಗರದಲ್ಲಿ ಕೆರೆಯ ಏರಿಯೋ ವಿಶಾಲವಾದ ಉದ್ಯಾನವೋ ಕಾಲೇಜಿನ ಆವರಣವೋ ಹಾಗಿದ್ದು, ಅಲ್ಲಿ ಸವಾರಿಗೆ ಅನುಮತಿಯಿದ್ದರೆ ಬೆಳಗಿನ ಅರ್ಧ ಗಂಟೆಯನ್ನು ಅದಕ್ಕೆ ಮೀಸಲಿಡೋಣ. ವಾರಕ್ಕೆ ಐದು ದಿನ ಹೀಗೆ ಮಾಡಿದರೆ 150 ನಿಮಿಷ ತಾನಾಗಿ ತುಂಬುವುದು. ಅಂತಹ ಜಾಗವನ್ನು ಕಿತ್ತು ರಸ್ತೆ ಮಾಡುವ ಮಾತು ಬಂದಾಗ ನಗರಸಭೆಗೆ ಒಂದು ಕಾಗದ ಬರೆಯುವುದೂ ಆರೋಗ್ಯ ರಕ್ಷಣೆಯ ಒಂದು ಭಾಗವೆಂದೇ ತಿಳಿಯಬೇಕು.