ಅಂಕಿತವೂ ಸ್ವಂತ ನುಡಿಯೂ

ಮನುಷ್ಯನಿಗೆ ಮಾತು ಬರುವುದು ಬೇರೆ. ತನ್ನ ಮಾತು ಬರುವುದು ಬೇರೆ. ಮೊದಲನೆಯದು ತಾಯಿಯ ಮಡಿಲಲ್ಲಿಯೇ ಬರುತ್ತದೆ. ಎರಡನೆಯದು ಅನೇಕರಿಗೆ ಆಯುಷ್ಯವೆಲ್ಲ ಕಳೆದರೂ ಬರುವುದಿಲ್ಲ. ಹಿರಿಯರಿಂದ ಕೇಳಿದುದನ್ನು, ಊರು ಮೆಚ್ಚುವುದನ್ನು, ಪುಸ್ತಕದಲ್ಲಿ ಓದಿದುದನ್ನು ಅವರು ಆಡುತ್ತಿರುತ್ತಾರೆ. ಆ ಮಾತುಗಳಲ್ಲಿ ತಪ್ಪೇನೂ ಇರಲಿಕ್ಕಿಲ್ಲ. ಆದರೆ ಆಡಿದವನು ಆ ಮಾತಿನೊಳಗೆ ಇರುವುದಿಲ್ಲ.

ತನ್ನನ್ನು ತಾನು ಅರಿಯುವುದು ಹೇಗೆ, ತನ್ನ ದನಿಯನ್ನು ಕಂಡುಕೊಳ್ಳುವುದು ಹೇಗೆ ಎಂಬುದನ್ನು ಕಲಿಸುವ ಪುಸ್ತಕಗಳು ಈಗ ಎಲ್ಲ ಭಾಷೆಗಳಲ್ಲಿಯೂ ಹೇರಳವಾಗಿ ಬರುತ್ತಿವೆ. ತರುಣರು ಅವುಗಳನ್ನು ಆಸೆಯಿಂದ ಓದುತ್ತಾರೆ. ಆ ಆಸೆ ತಪ್ಪಲ್ಲ. "ನಾನು ಯಾರು, ನನ್ನ ಮಾತು ಯಾವುದು" ಎಂಬ ಪ್ರಶ್ನೆಯು ಹುಟ್ಟದವನಿಗೆ ಧರ್ಮದ ಬಾಗಿಲು ತೆರೆಯುವುದೇ ಇಲ್ಲ. ಆದರೆ ಇದೇ ಪ್ರಶ್ನೆಯನ್ನು ಎತ್ತಿಕೊಂಡು, ಬಾಳಿ, ಉತ್ತರವನ್ನು ಕಂಡವರ ನುಡಿಗಳು ಕನ್ನಡ ಭಕ್ತರ ಮನೆಯಲ್ಲಿಯೇ ಇರುವವು. ೧೨ನೆಯ ಶತಮಾನದ ಶರಣರ ವಚನಗಳೇ ಅವು. ಅವುಗಳನ್ನು ಈ ದೃಷ್ಟಿಯಿಂದ ಓದಿದರೆ ದೊರೆಯುವ ಪಾಠವು ವಿಚಾರ ಮಾಡತಕ್ಕದ್ದಾಗಿದೆ.

ವಚನಕ್ಕೆ ಅಂಕಿತವುಂಟು. ಇದನ್ನು ಮುದ್ರಿಕೆಯೆಂದೂ ಕರೆಯುವರು. ಬಸವಣ್ಣನವರಿಗೆ ಕೂಡಲಸಂಗಮದೇವ, ಅಲ್ಲಮಪ್ರಭುಗಳಿಗೆ ಗುಹೇಶ್ವರ, ಅಕ್ಕಮಹಾದೇವಿಗೆ ಚೆನ್ನಮಲ್ಲಿಕಾರ್ಜುನ, ಸಿದ್ಧರಾಮೇಶ್ವರರಿಗೆ ಕಪಿಲಸಿದ್ಧಮಲ್ಲಿಕಾರ್ಜುನ. ಲೋಕದ ಕವಿಗಳು ಕೃತಿಯಲ್ಲಿ ತಮ್ಮ ಹೆಸರನ್ನು ನಿಲ್ಲಿಸುವುದುಂಟು. ಶರಣರಲ್ಲಿ ಹೆಚ್ಚಿನವರು ತಮ್ಮ ಹೆಸರನ್ನು ಬಿಟ್ಟು ತಮ್ಮ ಇಷ್ಟದೈವದ ಹೆಸರನ್ನು ಇರಿಸಿದರು. ಆದರೂ ಇಲ್ಲಿ ಒಂದು ಆಶ್ಚರ್ಯವಿದೆ. ತಮ್ಮ ಹೆಸರನ್ನು ಅಳಿಸಿಕೊಂಡ ಈ ಮಹನೀಯರಲ್ಲಿ ಒಬ್ಬರ ನುಡಿ ಇನ್ನೊಬ್ಬರ ನುಡಿಯಂತೆ ಇಲ್ಲ. ಬಸವಣ್ಣನವರ ಕರಗುವ ಮನಸ್ಸು, ಪ್ರಭುಗಳ ಬೆಡಗು, ಅಕ್ಕನ ವಿರಹ, ಅಂಬಿಗರ ಚೌಡಯ್ಯನ ಏಟು, ಇವನ್ನು ಪಳಗಿದ ಓದುಗನು ಅಂಕಿತವನ್ನು ಮುಚ್ಚಿಟ್ಟರೂ ಗುರುತಿಸಬಲ್ಲನು. "ನಾನು" ಎಂಬುದನ್ನು ಕೆಳಗೆ ಇಟ್ಟವರಿಗೇ ತಮ್ಮದೆಂಬ ನುಡಿಯು ಇಷ್ಟು ಸ್ಪಷ್ಟವಾಗಿ ಒದಗಿತು. ಅಹಂಕಾರವು ಯಾವಾಗಲೂ ಬೇರೆಯವರ ಮುಖವನ್ನು ನೋಡಿಯೇ ಮಾತನಾಡುತ್ತದೆ. ಹೊಗಳಿಕೆ ಬರುವುದೋ, ನಿಂದೆ ಬರುವುದೋ ಎಂದು ಅಳೆಯುತ್ತದೆ. ದೇವರ ಮುಂದೆ ನಿಂತವನಿಗೆ ಈ ಅಳತೆ ಬೇಕಿಲ್ಲ. ಆದುದರಿಂದ ಅವನ ನುಡಿ ನೆಟ್ಟಗೆ ಬರುತ್ತದೆ.

ಆ ನುಡಿ ಎಲ್ಲಿಂದ ಹುಟ್ಟಿತು ಎಂದು ಕೇಳಿದರೆ ಉತ್ತರವು ಕಾಯಕದಲ್ಲಿದೆ. ಅಂಬಿಗನು ದೋಣಿಯನ್ನೂ ಹೊಳೆಯನ್ನೂ ಬಲ್ಲನು. ನೇಯುವ ಜೇಡರ ದಾಸಿಮಯ್ಯನು ಮಗ್ಗವನ್ನು ಬಲ್ಲನು. ಹುಲ್ಲಿನ ಹಗ್ಗ ಹೊಸೆಯುವ ನುಲಿಯ ಚಂದಯ್ಯನು ಹುರಿಯನ್ನು ಬಲ್ಲನು. ನೂಲುವ ಕದಿರ ರೆಮ್ಮವ್ವೆಯು ರಾಟೆಯನ್ನು ಬಲ್ಲಳು. ರೆಮ್ಮವ್ವೆಯ ಅಂಕಿತದಲ್ಲಿಯೇ ಅವಳ ಕದಿರು ಸೇರಿಕೊಂಡಿದೆ. ಶಾಸ್ತ್ರದ ಭಾಷೆ ಬಾರದೆಂದು ಇವರು ಹಿಂಜರಿಯಲಿಲ್ಲ. ಅರಮನೆಯ ಕನ್ನಡವನ್ನು ಎರವಲು ತರಲಿಲ್ಲ. ಕೈಗೆ ಪರಿಚಯವಾದ ವಸ್ತುವೇ ಇವರ ಬಾಯಿಗೆ ಮಾತಾಗಿ ಬಂದಿತು. ಕೈಯ ಅನುಭವವಿಲ್ಲದ ಬಾಯಿಗೆ ಸ್ವಂತ ಮಾತು ಬರುವುದು ಕಷ್ಟ ಎಂಬುದನ್ನು ಇದರಿಂದ ತಿಳಿಯಬೇಕು.

ಈ ವಿಷಯದಲ್ಲಿ ಆಯ್ದಕ್ಕಿ ಲಕ್ಕಮ್ಮನ ಕಥೆಯು ಗೃಹಸ್ಥರಿಗೆ ವಿಶೇಷವಾದ ಪಾಠವಾಗಿದೆ. ಲಕ್ಕಮ್ಮನೂ ಅವಳ ಪತಿ ಮಾರಯ್ಯನೂ ಈಗಿನ ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದವರು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಆ ಅಕ್ಕಿಯಿಂದಲೇ ಅವರು ದಾಸೋಹ ನಡೆಸುತ್ತಿದ್ದರು. ಶೂನ್ಯಸಂಪಾದನೆಯಲ್ಲಿ ಬರುವ ಪ್ರಸಂಗದಂತೆ, ಒಮ್ಮೆ ಮಾರಯ್ಯನು ಶರಣರ ಗೋಷ್ಠಿಯಲ್ಲಿ ಕುಳಿತು ಕಾಯಕದ ಹೊತ್ತನ್ನು ಮರೆತನು. ಹೊತ್ತು ಮೀರಿತೆಂದು ಎಚ್ಚರಿಸಿದವಳು ಲಕ್ಕಮ್ಮ. ಇನ್ನೊಮ್ಮೆ ಅವನು ದಿನದ ಅಳತೆಗಿಂತ ಹೆಚ್ಚಿನ ಅಕ್ಕಿಯನ್ನು ತಂದನು. ಮಡದಿಯು ಸಂತೋಷಪಡಲಿಲ್ಲ. ಇಷ್ಟು ಅಕ್ಕಿಯು ತಮ್ಮದಲ್ಲ, ಆಸೆಯು ಭಕ್ತರಿಗೆ ತಕ್ಕುದಲ್ಲ, ಹೆಚ್ಚಿನದನ್ನು ಇದ್ದ ಸ್ಥಳದಲ್ಲಿಯೇ ಸುರಿದು ಬರಬೇಕು ಎಂದಳು. ಮಾರಯ್ಯನು ಮರಳಿ ಹೋಗಿ ಹಾಗೆಯೇ ಮಾಡಿದನು.

ಲಕ್ಕಮ್ಮನ ಅಂಕಿತವನ್ನು ಇಲ್ಲಿ ಗಮನಿಸಬೇಕು. ಮಾರಯ್ಯನು ಅಮರೇಶ್ವರಲಿಂಗವೆಂದು ಹೇಳಿದರೆ, ಅವಳು ಮಾರಯ್ಯಪ್ರಿಯ ಅಮರೇಶ್ವರಲಿಂಗವೆಂದು ಹೇಳುತ್ತಾಳೆ. ಪತಿಯ ಹೆಸರು ಅವಳ ಅಂಕಿತದಲ್ಲಿದೆ. ಪತಿಯ ದೈವವೇ ಅವಳ ದೈವ. ಜೇಡರ ದಾಸಿಮಯ್ಯನ ಮಡದಿ ದುಗ್ಗಳೆಯ ಅಂಕಿತವೂ ಹೀಗೆಯೇ ದಾಸಯ್ಯಪ್ರಿಯ ರಾಮನಾಥ ಎಂದಿದೆ. ಮೇಲುನೋಟಕ್ಕೆ ಇದು ಪತಿಯ ನೆರಳಿನಂತೆ ಕಾಣಬಹುದು. ಆದರೆ ಪತಿಯ ಹೆಸರನ್ನು ಪ್ರೀತಿಯಿಂದ ಹೊತ್ತ ಅದೇ ಅಂಕಿತದ ಕೆಳಗೆ ಲಕ್ಕಮ್ಮನು ಪತಿಯನ್ನು ತಿದ್ದುತ್ತಾಳೆ. ಸಂಬಂಧವನ್ನು ಕಡಿದುಕೊಂಡರೆ ಮಾತ್ರ ಸ್ವಂತಿಕೆ ಬರುವುದೆಂಬ ಭಾವನೆಗೆ ಅವಳ ಬಾಳೇ ಉತ್ತರ. ಪ್ರೀತಿಯೂ ಉಳಿಯಿತು, ಸತ್ಯವೂ ಉಳಿಯಿತು. ಇಷ್ಟೇ ಅಲ್ಲ: ಮಾರಯ್ಯನು ಅವಳ ಮಾತನ್ನು ಕೇಳಿದನು. ಅವನು ಕೇಳದೆ ಗದರಿಸಿದ್ದರೆ ಆ ನುಡಿ ಒಲೆಯ ಮುಂದೆಯೇ ಬೂದಿಯಾಗುತ್ತಿತ್ತು, ಇಂದಿನವರಿಗೆ ತಲುಪುತ್ತಿರಲಿಲ್ಲ. ಆಡುವವರಿಗೆ ಧೈರ್ಯವೂ ಕೇಳುವವರಿಗೆ ವಿನಯವೂ ಇದ್ದಾಗ ಮಾತ್ರ ಸ್ವಂತ ನುಡಿಯು ಬದುಕುತ್ತದೆ.

ಮುಕ್ತಾಯಕ್ಕನ ಪ್ರಸಂಗವು ಇದನ್ನು ಇನ್ನೊಂದು ಬಗೆಯಲ್ಲಿ ತೋರಿಸುತ್ತದೆ. ಅವಳ ಅಣ್ಣ ಅಜಗಣ್ಣನು ಗುಪ್ತಭಕ್ತನು. ತನ್ನ ಭಕ್ತಿಯನ್ನು ಹೊರಗೆ ತೋರಿಸಿಕೊಳ್ಳದೆ ಬಾಳಿದವನು. ಅವನೇ ಅವಳಿಗೆ ಗುರುವೂ ಆಗಿದ್ದನು. ಅವನು ಲಿಂಗೈಕ್ಯನಾದಾಗ ಅವಳು ದುಃಖದಲ್ಲಿ ಮುಳುಗಿದಳು. ಅಲ್ಲಿಗೆ ಬಂದ ಅಲ್ಲಮಪ್ರಭುಗಳು ಅವಳನ್ನು ಸಂತೈಸಲು ತೊಡಗಿದರು. ಮುಕ್ತಾಯಕ್ಕನು ಪ್ರಭುಗಳ ಮಾತಿಗೆ ಕೂಡಲೆ ತಲೆಬಾಗಲಿಲ್ಲ. ಅರಿವು ಪೂರ್ಣವಾದವರಿಗೆ ನುಡಿಯ ಹಂಗು ಉಳಿಯುವುದೇ ಎಂದು ಮೌನಿಯಾದ ಅಣ್ಣನ ನಿಲುವನ್ನು ಮುಂದಿಟ್ಟು ಪ್ರಭುಗಳನ್ನೇ ಪ್ರಶ್ನಿಸಿದಳು. ಪ್ರಭುಗಳು ಸಿಟ್ಟಾಗಲಿಲ್ಲ, ಅವಳ ಪ್ರಶ್ನೆಗೆ ಸಮನಾದ ಗೌರವದಿಂದ ಉತ್ತರಿಸುತ್ತ ಹೋದರು. ಸಂಶಯವು ತೀರಿದ ಮೇಲೆಯೇ ಅವಳು ಒಪ್ಪಿದಳು. ಅವಳ ಅಂಕಿತ ಅಜಗಣ್ಣ. ಅಣ್ಣನ ಹೆಸರನ್ನೇ ಮುದ್ರಿಕೆಯಾಗಿ ಹೊತ್ತವಳಾದರೂ ಮೌನದಲ್ಲಿ ಬಾಳಿದ ಅಣ್ಣನ ದಾರಿಯನ್ನು ಅವಳು ಅನುಕರಿಸಲಿಲ್ಲ. ಮಾತಿನಿಂದ ವಿಚಾರಿಸಿ ತನ್ನ ಅರಿವನ್ನು ತಾನೇ ಮುಟ್ಟಿದಳು. ಗುರುವನ್ನು ಪೂಜಿಸುವುದಕ್ಕೂ ಗುರುವಿನ ಮಾತನ್ನು ಗಿಣಿಯಂತೆ ಒಪ್ಪಿಸುವುದಕ್ಕೂ ಎಷ್ಟು ಅಂತರವಿದೆಯೆಂಬುದು ಇಲ್ಲಿ ತಿಳಿಯುತ್ತದೆ.

ಇಂತಹ ನುಡಿಗಳ ಭಾಗ್ಯವು ಒಂದು ಕಾಲದಲ್ಲಿ ಮರೆಯಾಗಿತ್ತು. ತಾಡವಾಲೆಯ ಕಟ್ಟುಗಳು ಎಷ್ಟೋ ಮನೆಗಳಲ್ಲಿ ಜಗುಲಿಯ ಮೇಲೆ ಪೂಜೆಗೊಳ್ಳುತ್ತಿದ್ದವು. ಬಿಚ್ಚಿ ಓದುವವರು ವಿರಳರಾಗಿದ್ದರು. ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು (೧೮೮೦–೧೯೬೪) ಈ ಕಟ್ಟುಗಳನ್ನು ಅರಸಿ, ಓದಿ, ಪ್ರತಿ ಮಾಡಿ ೧೯೨೩ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಪ್ರಕಟಿಸಿದರು. ೧೯೨೬ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. ಮುಂದೆ ಅನೇಕ ವಿದ್ವಾಂಸರ ಪರಿಶ್ರಮದಿಂದ ಕರ್ನಾಟಕ ಸರ್ಕಾರದ 'ಸಮಗ್ರ ವಚನ ಸಂಪುಟ'ಗಳು ೧೫ ಸಂಪುಟಗಳಲ್ಲಿ ಹೊರಬಂದವು. ಮೂವತ್ತಕ್ಕೂ ಹೆಚ್ಚು ಮಂದಿ ವಚನಕಾರ್ತಿಯರ ನುಡಿಯು ಇಂದು ಅಚ್ಚಿನಲ್ಲಿ ದೊರೆಯುತ್ತದೆ. ಓಲೆಯು ಪುಸ್ತಕವಾಯಿತು, ಆದರೆ ಭಯವು ತೀರಲಿಲ್ಲ. ಓಲೆಯನ್ನು ಬಿಚ್ಚದೆ ಪೂಜಿಸಿದಂತೆಯೇ, ಅಚ್ಚಾದ ವಚನವನ್ನು ಬಾಳಿಗೆ ತಾರದೆ ಸಭೆಯಲ್ಲಿ ಹೇಳಿ ಮುಗಿಸುವುದೂ ಉಂಟು. ಕಂಠಪಾಠದಿಂದ ನಾಲಗೆ ಶುದ್ಧವಾಗಬಹುದು. ಆದರೆ ಲಕ್ಕಮ್ಮನ ಕಥೆಯನ್ನು ಸೊಗಸಾಗಿ ಹೇಳಿ ಮನೆಗೆ ಮರಳಿದವನು ಮಡದಿಯ ಹಿತವಚನಕ್ಕೆ ಕಿವಿಗೊಡದಿದ್ದರೆ, ಅವನು ಓದಿದುದು ಬೇರೆಯವರ ಮಾತಾಗಿಯೇ ಉಳಿಯಿತು.

ಆದುದರಿಂದ ವಚನವನ್ನು ಓದುವ ಸದ್ಭಕ್ತನು ಒಂದು ಕ್ರಮವನ್ನು ಇಟ್ಟುಕೊಳ್ಳುವುದು ಒಳಿತು. ಹತ್ತು ವಚನಗಳನ್ನು ಓಡಿಸುವುದಕ್ಕಿಂತ ಒಂದನ್ನು ನಿಲ್ಲಿಸಿ ಓದಬೇಕು. ಇದನ್ನು ನುಡಿದ ಶರಣನ ಕೈಯಲ್ಲಿ ಆಗ ಯಾವ ಕೆಲಸವಿತ್ತು ಎಂದು ನೆನೆಯಬೇಕು. ತನ್ನ ಅಂಗಡಿ, ಹೊಲ, ಕಚೇರಿ, ಅಡುಗೆಮನೆಯಲ್ಲಿ ಆ ಮಾತು ಎಲ್ಲಿ ತಾಗುತ್ತದೆಂದು ನೋಡಬೇಕು. ತಾಗಿದ ಸ್ಥಳದಲ್ಲಿ ಒಂದು ದಿನವಾದರೂ ನಡೆದು ನೋಡಬೇಕು. ಬಳಿಕ ಇಷ್ಟಲಿಂಗದ ಮುಂದೆ ಕುಳಿತು, ಆ ನಡೆಯಿಂದ ಅರಿತುದನ್ನು ತನ್ನ ಸಾದಾ ಮಾತಿನಲ್ಲಿ ಹೇಳಿಕೊಳ್ಳಬೇಕು. ಆ ಮಾತು ತೊದಲಾದರೂ ಚಿಂತೆಯಿಲ್ಲ, ಅದು ಅವನದೇ ಆಗಿರುತ್ತದೆ. ಮನೆಯ ಮಕ್ಕಳು, ಸೊಸೆಯಂದಿರು, ವೃದ್ಧರು ಹೀಗೆ ತಮ್ಮ ಅರಿವನ್ನು ಹೇಳಲು ಬಂದಾಗ ಯಜಮಾನನು ಮಾರಯ್ಯನಂತೆ ಕೇಳಬೇಕು. ತಪ್ಪಿದ್ದರೆ ಮರಳಿ ಹೋಗಿ ಸುರಿದು ಬರುವ ಮನಸ್ಸೂ ಇರಬೇಕು.

ಸ್ವಂತ ನುಡಿಯು ಕಾಯಕದಲ್ಲಿ ಹುಟ್ಟುತ್ತದೆ, ಕೇಳುವವರ ಸಂಗದಲ್ಲಿ ಬೆಳೆಯುತ್ತದೆ, ದೇವರ ಅಂಕಿತದ ಕೆಳಗೆ ನೆಲೆಗೊಳ್ಳುತ್ತದೆ. ಈ ಮೂರೂ ಗೃಹಸ್ಥನ ಮನೆಯಲ್ಲಿಯೇ ಲಭ್ಯವಿವೆ. ಅಂಗಳದ ಅಕ್ಕಿಯನ್ನು ಆಯ್ದು ಬಾಳಿದ ದಂಪತಿಗಳ ನುಡಿಯು ಎಂಟು ಶತಮಾನಗಳನ್ನು ದಾಟಿ ಬಂದಿದೆ. ಅವರು ತಮ್ಮ ಹೆಸರನ್ನು ಉಳಿಸಲು ನುಡಿದವರಲ್ಲ. ಅಂದಿನ ಅಕ್ಕಿಯ ಅಳತೆ ತಪ್ಪಬಾರದೆಂದು ನುಡಿದವರು.