ಮೇವಿನ ಯಂತ್ರದ ಇಂಜಿನ್‌ಗೆ ಯಾವ ಏರ್ ಫಿಲ್ಟರ್? ಅಗ್ಗದ ಬೆಲೆ ಮತ್ತು ವಾರಂಟಿಯ ಲೆಕ್ಕ



ಈಗ ಅನೇಕ ಮನೆಗಳಲ್ಲಿ ಮೇವು ಕತ್ತರಿಸಲು ಪೆಟ್ರೋಲ್ ಅಥವಾ ಡೀಸೆಲ್ ಇಂಜಿನ್ ಜೋಡಿಸಿದ ಚಾಫ್ ಕಟರ್ ಇದೆ. ಕರೆಂಟ್ ಹೋದಾಗ ಹಾಲು ಕರೆಯುವ ಯಂತ್ರ ನಿಲ್ಲಬಾರದೆಂದು ಜನರೇಟರ್ ಇಟ್ಟುಕೊಂಡವರೂ ಇದ್ದಾರೆ. ಈ ಇಂಜಿನ್‌ಗಳಲ್ಲಿ ಆಗಾಗ ಬದಲಾಯಿಸಬೇಕಾದ ಭಾಗ ಏರ್ ಫಿಲ್ಟರ್. ಅಂಗಡಿಗೆ ಹೋದರೆ ಕಂಪನಿಯ ಫಿಲ್ಟರ್‌ಗೆ ಒಂದು ಬೆಲೆ, ಹೊರಗಿನದಕ್ಕೆ ಅದರ ಅರ್ಧ ಬೆಲೆ. "ಎರಡೂ ಒಂದೇ ಅಕ್ಕಾ, ಇದನ್ನೇ ಹಾಕಿ" ಎನ್ನುತ್ತಾರೆ ಅಂಗಡಿಯವರು. "ಹೊರಗಿನದು ಹಾಕಿದರೆ ವಾರಂಟಿ ಹೋಯಿತು" ಎನ್ನುತ್ತಾರೆ ಡೀಲರ್. ಇಬ್ಬರ ಮಾತಿನಲ್ಲೂ ಅರ್ಧ ನಿಜವಿದೆ. ಉಳಿದರ್ಧವನ್ನು ತಿಳಿದುಕೊಳ್ಳುವುದೇ ಈ ಸಂಚಿಕೆಯ ಪಾಠ.

ಕರೆಂಟ್ ಮೋಟಾರಿನ ಚಾಫ್ ಕಟರ್‌ಗೆ ಏರ್ ಫಿಲ್ಟರ್ ಇರುವುದಿಲ್ಲ. ಅಂಥವರು ಈ ಮಾತುಗಳನ್ನು ತಮ್ಮ ಜನರೇಟರ್, ಪವರ್ ಟಿಲ್ಲರ್ ಅಥವಾ ಹುಲ್ಲು ಕತ್ತರಿಸುವ ಯಂತ್ರಕ್ಕೆ ಅನ್ವಯಿಸಿಕೊಳ್ಳಬಹುದು.

ಫಿಲ್ಟರ್ ಮಾಡುವ ಕೆಲಸ ಎಷ್ಟು ದೊಡ್ಡದು?

ಇಂಜಿನ್ ಬರೀ ಪೆಟ್ರೋಲ್ ಕುಡಿಯುವುದಿಲ್ಲ, ಅದಕ್ಕಿಂತ ಬಹಳ ಹೆಚ್ಚು ಗಾಳಿ ಕುಡಿಯುತ್ತದೆ. ಒಂದು ಕಿಲೋ ಪೆಟ್ರೋಲ್ ಉರಿಯಲು ಸುಮಾರು 15 ಕಿಲೋ ಗಾಳಿ ಬೇಕು. ಅಂದರೆ ಒಂದು ಲೀಟರ್ ಪೆಟ್ರೋಲಿಗೆ ಸುಮಾರು 9,000 ಲೀಟರ್ ಗಾಳಿ. ನಮ್ಮ 40 ಲೀಟರ್ ಹಾಲಿನ ಕ್ಯಾನಿನ ಲೆಕ್ಕದಲ್ಲಿ ಹೇಳುವುದಾದರೆ 225 ಕ್ಯಾನ್ ತುಂಬುವಷ್ಟು ಗಾಳಿ! ಡೀಸೆಲ್ ಇಂಜಿನ್ ಇದಕ್ಕಿಂತಲೂ ಹೆಚ್ಚು ಗಾಳಿ ಎಳೆಯುತ್ತದೆ. ಅಷ್ಟೂ ಗಾಳಿ ಆ ಒಂದು ಫಿಲ್ಟರಿನ ಮೂಲಕವೇ ಹೋಗಬೇಕು.

ಚಾಫ್ ಕಟರ್ ಪಕ್ಕದ ಗಾಳಿ ಎಂಥದ್ದೆಂದು ನಿಮಗೇ ಗೊತ್ತು. ಒಣ ಜೋಳದ ದಂಟು, ರಾಗಿ ಹುಲ್ಲು, ಭತ್ತದ ಹುಲ್ಲು ಕತ್ತರಿಸುವಾಗ ಹೊಟ್ಟಿನ ಧೂಳು ಏಳುತ್ತದೆ. ಅದರ ಜೊತೆಗೆ ಹುಲ್ಲಿಗೆ ಅಂಟಿಕೊಂಡ ಮಣ್ಣೂ ಹಾರುತ್ತದೆ. ಮಣ್ಣಿನ ಧೂಳಿನಲ್ಲಿ ಮರಳಿನ ಗುಣದ ಸಿಲಿಕಾ ಇರುತ್ತದೆ. ಭತ್ತದ ಹುಲ್ಲಿನಲ್ಲಂತೂ ಹುಲ್ಲಿನೊಳಗೇ ಸಿಲಿಕಾ ಹೆಚ್ಚು. ಇಂಥ ಧೂಳು ಇಂಜಿನ್ ಒಳಗೆ ಹೋಗಿ ಎಣ್ಣೆಯೊಂದಿಗೆ ಬೆರೆತರೆ ಉಜ್ಜುವ ಪುಡಿಯಂತೆ ಕೆಲಸ ಮಾಡುತ್ತದೆ. ಪಿಸ್ಟನ್ ರಿಂಗ್ ಸವೆಯುತ್ತದೆ, ಸಿಲಿಂಡರಿನ ಒಳಮೈ ಸವೆಯುತ್ತದೆ. ಆಮೇಲೆ ಇಂಜಿನ್ ಸ್ಟಾರ್ಟ್ ಆಗಲು ಸತಾಯಿಸುತ್ತದೆ, ಎಳೆಯುವ ಶಕ್ತಿ ಕಡಿಮೆಯಾಗುತ್ತದೆ, ಎಣ್ಣೆ ಇಳಿಯುತ್ತದೆ, ನೀಲಿ ಹೊಗೆ ಬರುತ್ತದೆ. ಈ ಸವಕಳಿ ಒಂದು ದಿನದಲ್ಲಿ ಕಾಣುವುದಿಲ್ಲ. ಕಂಡಾಗ ಖರ್ಚು ಫಿಲ್ಟರಿನದಲ್ಲ, ಇಂಜಿನ್ನಿನದು.

ಅಂಗಡಿಯಲ್ಲಿ ಸಿಗುವ ಫಿಲ್ಟರ್ ಮೂರು ಬಗೆ

"ಹೊರಗಿನ ಫಿಲ್ಟರ್" ಎಂದು ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

1. ಕಂಪನಿಯ ಫಿಲ್ಟರ್: ಇಂಜಿನ್ ತಯಾರಿಸಿದ ಕಂಪನಿಯ ಹೆಸರು ಮತ್ತು ಪಾರ್ಟ್ ನಂಬರ್ ಇರುವ ಪೆಟ್ಟಿಗೆಯಲ್ಲಿ ಬರುವುದು.

2. ಬೇರೆ ಕಂಪನಿಯ ಫಿಲ್ಟರ್: ಫಿಲ್ಟರ್ ತಯಾರಿಸುವ ಕಂಪನಿಗಳು ತಮ್ಮದೇ ಹೆಸರಿನಲ್ಲಿ ಮಾರುವುದು. ಇದು ನಕಲಿಯಲ್ಲ. ಯಾವ ಇಂಜಿನ್ನಿನ ಯಾವ ಮಾಡೆಲ್‌ಗೆ ಹೊಂದುತ್ತದೆ, ತಯಾರಿಸಿದವರು ಯಾರು ಎಂದು ಪೆಟ್ಟಿಗೆಯ ಮೇಲೆ ಬರೆದಿರುತ್ತದೆ. ಗುಣಮಟ್ಟ ಚೆನ್ನಾಗಿರುವುದೂ ಉಂಟು, ಸಾಧಾರಣವಾಗಿರುವುದೂ ಉಂಟು.

3. ಡ್ಯೂಪ್ಲಿಕೇಟ್: ಕಂಪನಿಯ ಹೆಸರನ್ನೇ ಕದ್ದು ಅಥವಾ ಯಾವ ಹೆಸರೂ ಇಲ್ಲದೆ ಮಾರುವುದು. ಇದನ್ನು ಯಾವ ಕಾಲಕ್ಕೂ ಹಾಕಬೇಡಿ. ವಾರಂಟಿ ಇರಲಿ, ಮುಗಿದಿರಲಿ.

"ಈ ಫಿಲ್ಟರ್ ಹೆಚ್ಚು ಗಾಳಿ ಬಿಡುತ್ತದೆ, ಇಂಜಿನ್ ಪಿಕಪ್ ಏರುತ್ತದೆ" ಎಂದು ಹೇಳಿ ಮಾರುವವರಿದ್ದಾರೆ. ಹಾಲು ಸೋಸುವ ಬಟ್ಟೆಯನ್ನು ನೆನಪಿಸಿಕೊಳ್ಳಿ. ಎಳೆ ಸಡಿಲವಾದ ಬಟ್ಟೆಯಲ್ಲಿ ಹಾಲು ಬೇಗ ಇಳಿಯುತ್ತದೆ, ಆದರೆ ಕೂದಲು, ಕಸವೂ ಇಳಿಯುತ್ತದೆ. ಧೂಳಿನಲ್ಲೇ ದುಡಿಯುವ ಇಂಜಿನ್‌ಗೆ ಬೇಕಾಗಿರುವುದು ಚೆನ್ನಾಗಿ ಸೋಸುವ ಫಿಲ್ಟರ್. ಪಿಕಪ್ ಆಸೆಗೆ ಬೀಳಬೇಡಿ.

ವಾರಂಟಿ ಕಾರ್ಡಿನಲ್ಲಿ ಏನಿರುತ್ತದೆ?

ವಾರಂಟಿಯ ಅವಧಿ ಮತ್ತು ಷರತ್ತು ಕಂಪನಿಯಿಂದ ಕಂಪನಿಗೆ ಬೇರೆ. ಆದರೆ ಸಾಮಾನ್ಯವಾಗಿ ಮೂರು ಮಾತು ಇರುತ್ತವೆ. ನಿಮ್ಮ ಕಾರ್ಡನ್ನು ಮಕ್ಕಳಿಂದಲೋ ಸಂಘದ ಕಾರ್ಯದರ್ಶಿಯವರಿಂದಲೋ ಓದಿಸಿ, ಈ ಮೂರನ್ನು ಹುಡುಕಿ.

ಮೊದಲನೆಯದು, ಫಿಲ್ಟರ್, ಪ್ಲಗ್, ಬೆಲ್ಟ್‌ನಂತಹ ಸವೆಯುವ ಭಾಗಗಳಿಗೆ ವಾರಂಟಿ ಇಲ್ಲ. ಎರಡನೆಯದು, ಹೇಳಿದ ಹೊತ್ತಿಗೆ ಸರ್ವಿಸ್ ಮಾಡಿಸಿರಬೇಕು. ಮೂರನೆಯದು, ಕಂಪನಿಯದಲ್ಲದ ಬಿಡಿಭಾಗ ಹಾಕಿದ್ದರಿಂದ ಅಥವಾ ಧೂಳು ಒಳಗೆ ಹೋದದ್ದರಿಂದ ಆದ ಹಾನಿಗೆ ಕಂಪನಿ ಹೊಣೆಯಲ್ಲ.

ಮೂರನೆಯ ಮಾತನ್ನು ಗಮನವಿಟ್ಟು ಓದಿ. ಅದರಲ್ಲಿ ಎರಡು ಅರ್ಥವಿದೆ. ಹೊರಗಿನ ಏರ್ ಫಿಲ್ಟರ್ ಹಾಕಿದ ಯಂತ್ರದಲ್ಲಿ ಸ್ಟಾರ್ಟರ್ ಹಗ್ಗದ ಸ್ಪ್ರಿಂಗ್ ಮುರಿದರೆ, ಅದಕ್ಕೂ ಫಿಲ್ಟರಿಗೂ ಸಂಬಂಧವಿಲ್ಲ. "ಫಿಲ್ಟರ್ ಹೊರಗಿನದು, ಆದ್ದರಿಂದ ಏನೂ ಸಿಗುವುದಿಲ್ಲ" ಎಂಬ ಉತ್ತರವನ್ನು ನೀವು ಪ್ರಶ್ನಿಸಬಹುದು. ಆದರೆ ಪಿಸ್ಟನ್ ರಿಂಗ್ ಸವೆದು ಇಂಜಿನ್ ಹೋದರೆ ಡೀಲರ್ ಮೊದಲು ತೆಗೆದು ನೋಡುವುದೇ ಏರ್ ಫಿಲ್ಟರನ್ನು. ಅಲ್ಲಿ ಹೊರಗಿನ ಫಿಲ್ಟರ್ ಕಂಡರೆ, ಹಾನಿ ಅದರಿಂದ ಆದದ್ದಲ್ಲ ಎಂದು ವಾದಿಸುವ ಕಷ್ಟ ನಿಮ್ಮ ಮೇಲೆ ಬೀಳುತ್ತದೆ.

ಇನ್ನೊಂದು ಮಾತು. ಕಂಪನಿಯ ಫಿಲ್ಟರನ್ನೇ ಹಾಕಿ, ಅದನ್ನು ಶುಚಿ ಮಾಡದೆ, ಅಂಚು ಸರಿಯಾಗಿ ಕೂರಿಸದೆ ಬಿಟ್ಟರೂ ಧೂಳು ಒಳಗೆ ಹೋಗುತ್ತದೆ. ಆಗಲೂ ವಾರಂಟಿ ಸಿಗುವುದು ಕಷ್ಟ. ಫಿಲ್ಟರಿನ ಹೆಸರು ಎಷ್ಟು ಮುಖ್ಯವೋ ಅದನ್ನು ನೋಡಿಕೊಳ್ಳುವ ಕೈಯೂ ಅಷ್ಟೇ ಮುಖ್ಯ.

ಕಾನೂನು ಏನು ಹೇಳುತ್ತದೆ?

2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗವು 14 ಕಾರು ಕಂಪನಿಗಳ ವಿರುದ್ಧ ಬಿಡಿಭಾಗಗಳ ಪ್ರಕರಣದಲ್ಲಿ ಆದೇಶ ನೀಡಿತು. ಹೊರಗಿನ ಮೆಕ್ಯಾನಿಕ್ ಬಳಿ ರಿಪೇರಿ ಮಾಡಿಸಿದ ಮಾತ್ರಕ್ಕೆ ಇಡೀ ವಾರಂಟಿ ರದ್ದು ಎಂಬ ಷರತ್ತು ಹಾಕಬಾರದು, ಆ ರಿಪೇರಿಯ ದೋಷದಿಂದ ಆದ ಹಾನಿಯಷ್ಟಕ್ಕೆ ಮಾತ್ರ ವಾರಂಟಿ ನಿರಾಕರಿಸಬಹುದು ಎಂಬುದು ಅದರಲ್ಲಿದ್ದ ಒಂದು ಅಂಶ. ಆ ಆದೇಶ ಕಾರು ಕಂಪನಿಗಳಿಗೆ ಸಂಬಂಧಿಸಿದ್ದು, ಅದರ ಮೇಲೆ ಮೇಲ್ಮನವಿಗಳೂ ನಡೆದವು. ಹಾಗಾಗಿ ಮೇವಿನ ಯಂತ್ರಕ್ಕೆ ಅದನ್ನೇ ನೇರವಾಗಿ ಹಿಡಿದು ವಾದಿಸಲಾಗದು. ಆದರೂ "ಯಾವ ಹಾನಿ, ಯಾವ ಕಾರಣದಿಂದ?" ಎಂದು ಕೇಳುವುದು ನ್ಯಾಯವಾದ ಪ್ರಶ್ನೆ ಎಂಬುದು ಅದರಿಂದ ತಿಳಿಯುತ್ತದೆ.

ನಮಗೆ ನೇರವಾಗಿ ಉಪಯೋಗಕ್ಕೆ ಬರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ವ್ಯಾಪಾರಕ್ಕಾಗಿ ಕೊಂಡವರು ಈ ಕಾಯ್ದೆಯಡಿ ಗ್ರಾಹಕರಲ್ಲ. ಆದರೆ ಸ್ವಂತ ದುಡಿಮೆಯಿಂದ ಜೀವನೋಪಾಯ ನಡೆಸಲೆಂದೇ ಕೊಂಡು ಬಳಸುವ ವಸ್ತುವನ್ನು ವ್ಯಾಪಾರದ ಉದ್ದೇಶ ಎಂದು ಕಾಯ್ದೆ ಎಣಿಸುವುದಿಲ್ಲ. "ನೀವು ಹಾಲು ಮಾರುತ್ತೀರಿ, ನೀವು ಗ್ರಾಹಕರಲ್ಲ" ಎಂದು ಯಾರಾದರೂ ಹೇಳಿದರೆ ಈ ಮಾತು ನೆನಪಿರಲಿ. ಬಿಲ್ ಪತಿಯ ಅಥವಾ ಮಗನ ಹೆಸರಿನಲ್ಲಿದ್ದರೂ, ಅವರ ಒಪ್ಪಿಗೆಯಿಂದ ಯಂತ್ರ ಬಳಸುವ ನೀವೂ ಗ್ರಾಹಕರೇ. ಹಾಗಿದ್ದರೂ ಮುಂದಿನ ಸಲ ಯಂತ್ರ ಕೊಳ್ಳುವಾಗ ಬಿಲ್ಲನ್ನು ನಿಮ್ಮ ಹೆಸರಿನಲ್ಲೇ ಮಾಡಿಸಿ.

ಹಾಗಾದರೆ ಯಾವುದನ್ನು ಹಾಕಬೇಕು?

ಒಂದು ಲೆಕ್ಕ ಹಾಕೋಣ. ಈ ಬೆಲೆಗಳು ಉದಾಹರಣೆಗೆ ಮಾತ್ರ, ನಿಮ್ಮ ಊರಿನ ಬೆಲೆ ಹಾಕಿಕೊಂಡು ನೋಡಿ. ಕಂಪನಿಯ ಫಿಲ್ಟರ್ 300 ರೂಪಾಯಿ, ಹೊರಗಿನದು 120 ರೂಪಾಯಿ ಎಂದಿಟ್ಟುಕೊಳ್ಳಿ. ವರ್ಷಕ್ಕೆ ಮೂರು ಫಿಲ್ಟರ್ ಬೇಕಾದರೆ ಉಳಿತಾಯ 540 ರೂಪಾಯಿ. ಬೋರ್, ಪಿಸ್ಟನ್, ರಿಂಗ್, ಕೂಲಿ ಸೇರಿ ಇಂಜಿನ್ ರಿಪೇರಿ 6,000 ರೂಪಾಯಿ ಆದರೆ, ಹನ್ನೊಂದು ವರ್ಷ ಉಳಿಸಿದ್ದು ಒಂದೇ ರಿಪೇರಿಗೆ ಹೋಯಿತು. ಯಂತ್ರ ನಿಂತ ದಿನಗಳಲ್ಲಿ ಕುಡುಗೋಲು ಹಿಡಿದು ಮೇವು ಕತ್ತರಿಸುವ ಶ್ರಮ ಈ ಲೆಕ್ಕದಲ್ಲಿ ಸೇರಿಲ್ಲ.

ಆದ್ದರಿಂದ ವಾರಂಟಿ ಇರುವಷ್ಟು ದಿನ ಕಂಪನಿಯ ಫಿಲ್ಟರನ್ನೇ ಹಾಕಿ, ಬಿಲ್ ಪಡೆಯಿರಿ. ಉಳಿಯುವ ಹಣ ಸಣ್ಣದು, ಹೋಗುವ ಹಕ್ಕು ದೊಡ್ಡದು.

ವಾರಂಟಿ ಮುಗಿದ ಮೇಲೆ ಎರಡನೆಯ ಬಗೆಯ, ಅಂದರೆ ತಯಾರಕರ ಹೆಸರಿರುವ ಫಿಲ್ಟರನ್ನು ಪರೀಕ್ಷಿಸಿ ಹಾಕಬಹುದು. ಹಳೆಯ ಫಿಲ್ಟರನ್ನು ಅಂಗಡಿಗೆ ಕೊಂಡುಹೋಗಿ ಪಕ್ಕದಲ್ಲಿಟ್ಟು ನೋಡಿ. ಉದ್ದ, ಅಗಲ, ಎತ್ತರ ಒಂದೇ ಇದೆಯೇ? ಕಾಗದದ ಮಡಿಕೆಗಳು ಸಮನಾಗಿ, ಒತ್ತಾಗಿ ಇವೆಯೇ? ಅಂಚಿನ ರಬ್ಬರ್ ಮೆತ್ತಗಿದ್ದು ಸುತ್ತಲೂ ಪೂರ್ತಿ ಕೂರುತ್ತದೆಯೇ? ಬೆಳಕಿಗೆ ಹಿಡಿದರೆ ಎಲ್ಲಾದರೂ ತೂತು, ಅಂಟು ಬಿಟ್ಟ ಜಾಗ ಕಾಣುತ್ತದೆಯೇ? ಒಂದರಲ್ಲಿ ಸಂಶಯ ಬಂದರೂ ಬೇಡವೆನ್ನಿ. ಅಂಚಿನಲ್ಲಿ ಕೂದಲೆಳೆಯಷ್ಟು ಸಂದು ಇದ್ದರೆ ಗಾಳಿ ಫಿಲ್ಟರ್ ಬಿಟ್ಟು ಆ ಸಂದಿನಿಂದಲೇ ನುಗ್ಗುತ್ತದೆ.

ಫಿಲ್ಟರ್ ಶುಚಿ ಮಾಡುವ ಕ್ರಮ

ಇಂಜಿನ್ ನಿಲ್ಲಿಸಿ, ಆರಲು ಬಿಡಿ. ಪೆಟ್ರೋಲ್ ಇಂಜಿನ್ ಆದರೆ ಪ್ಲಗ್ಗಿನ ಕ್ಯಾಪ್ ತೆಗೆದಿಡಿ. ಫಿಲ್ಟರಿನ ಡಬ್ಬಿಯ ಹೊರಮೈಯನ್ನು ಮೊದಲು ಒರೆಸಿ, ನಂತರ ತೆರೆಯಿರಿ.

ಕಾಗದದ ಫಿಲ್ಟರ್: ಗಟ್ಟಿ ಜಾಗದ ಮೇಲೆ ಮೆಲ್ಲಗೆ ತಟ್ಟಿ ಧೂಳು ಉದುರಿಸಿ. ನೀರಿನಲ್ಲಿ ತೊಳೆಯಬೇಡಿ, ಎಣ್ಣೆ ಹಚ್ಚಬೇಡಿ, ಬ್ರಷ್‌ನಿಂದ ಉಜ್ಜಬೇಡಿ. ಪಂಕ್ಚರ್ ಅಂಗಡಿಯ ಜೋರು ಗಾಳಿ ಬಿಟ್ಟರೆ ಕಾಗದ ಹರಿಯುತ್ತದೆ. ಕಪ್ಪಾಗಿದ್ದರೆ, ಎಣ್ಣೆ ಕುಡಿದಿದ್ದರೆ, ಹರಿದಿದ್ದರೆ ಬದಲಾಯಿಸಿ.

ಸ್ಪಂಜಿನ ಫಿಲ್ಟರ್: ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ಹಿಸುಕಿ ತೊಳೆಯಿರಿ, ಹಿಂಡಿ ತಿರುಚಬೇಡಿ. ಪೂರ್ತಿ ಒಣಗಿದ ಮೇಲೆ, ಕೈಪಿಡಿ ಹೇಳಿದ್ದರೆ ಸ್ವಚ್ಛವಾದ ಇಂಜಿನ್ ಎಣ್ಣೆಯಲ್ಲಿ ಅದ್ದಿ, ಹೆಚ್ಚಿನ ಎಣ್ಣೆಯನ್ನು ಒತ್ತಿ ತೆಗೆಯಿರಿ. ಪೆಟ್ರೋಲಿನಲ್ಲಿ ತೊಳೆಯಬೇಡಿ, ಬೆಂಕಿಯ ಅಪಾಯ.

ಎಣ್ಣೆ ಬಟ್ಟಲಿನ ಫಿಲ್ಟರ್: ಕೆಲವು ಡೀಸೆಲ್ ಇಂಜಿನ್‌ಗಳಲ್ಲಿದೆ. ತಳದ ಬಟ್ಟಲಿನಲ್ಲಿ ಕೆಸರು ಕೂತಿದ್ದರೆ ಚೆಲ್ಲಿ, ತೊಳೆದು, ಹೊಸ ಎಣ್ಣೆಯನ್ನು ಗುರುತಿನವರೆಗೆ ಮಾತ್ರ ತುಂಬಿ.

ಎಷ್ಟು ದಿನಕ್ಕೊಮ್ಮೆ? ಅನೇಕ ಸಣ್ಣ ಇಂಜಿನ್‌ಗಳ ಕೈಪಿಡಿಯಲ್ಲಿ 25 ಅಥವಾ 50 ಗಂಟೆಗೊಮ್ಮೆ ಎಂದಿರುತ್ತದೆ, ಧೂಳಿದ್ದರೆ ಇನ್ನೂ ಬೇಗ ಎಂದೂ ಬರೆದಿರುತ್ತದೆ. ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಓಡಿಸಿದರೆ 25 ಗಂಟೆ ಎಂದರೆ 25 ದಿನ. ಒಣ ಮೇವಿನ ಕಾಲದಲ್ಲಿ ವಾರಕ್ಕೊಮ್ಮೆ ತೆರೆದು ನೋಡುವುದು ಒಳ್ಳೆಯದು. ಗಾಳಿ ಬೀಸುವ ದಿಕ್ಕು ನೋಡಿ, ಹೊಟ್ಟು ಇಂಜಿನ್ ಕಡೆಗೆ ಹಾರದಂತೆ ಯಂತ್ರವನ್ನು ನಿಲ್ಲಿಸಿಕೊಳ್ಳಿ. ಫಿಲ್ಟರ್ ಇಲ್ಲದೆ ಒಂದು ದಿನವೂ ಓಡಿಸಬೇಡಿ.

ವಾರಂಟಿ ಕೊಡುವುದಿಲ್ಲ ಎಂದರೆ

ಹಾಲಿನ ಪಾಸ್‌ಬುಕ್‌ನಂತೆ ಯಂತ್ರಕ್ಕೂ ಒಂದು ಪುಸ್ತಕ ಇಡಿ. ಯಂತ್ರದ ಬಿಲ್, ವಾರಂಟಿ ಕಾರ್ಡ್, ಫಿಲ್ಟರ್ ಮತ್ತು ಎಣ್ಣೆಯ ಬಿಲ್‌ಗಳು, ಶುಚಿ ಮಾಡಿದ ದಿನಾಂಕ ಎಲ್ಲವೂ ಅದರಲ್ಲಿರಲಿ. ಸಹಾಯಧನದಲ್ಲಿ ಪಡೆದ ಯಂತ್ರವಾದರೂ ಬಿಲ್ ಮತ್ತು ಕಾರ್ಡನ್ನು ಕೇಳಿ ಪಡೆಯಿರಿ.

ಇಂಜಿನ್ ಕೆಟ್ಟಾಗ ಮತ್ತೆ ಮತ್ತೆ ಸ್ಟಾರ್ಟ್ ಮಾಡಬೇಡಿ, ಹೊರಗಿನ ಮೆಕ್ಯಾನಿಕ್‌ನಿಂದ ಬಿಚ್ಚಿಸಬೇಡಿ. ಫೋಟೋ ತೆಗೆದುಕೊಂಡು ಡೀಲರ್‌ಗೆ ಲಿಖಿತ ದೂರು ಕೊಡಿ. ವಾರಂಟಿ ಇಲ್ಲವೆಂದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ. ನಂತರ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲೂ ಬಗೆಹರಿಯದಿದ್ದರೆ ನೀವು ವಾಸಿಸುವ ಜಿಲ್ಲೆಯ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಸಲ್ಲಿಸಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗೆ ಇದ್ದರೆ ದೂರಿಗೆ ಶುಲ್ಕವಿಲ್ಲ.

ಸಂಘದ ಸಭೆಯಲ್ಲಿ ಚರ್ಚಿಸಿ

1. ನಮ್ಮ ಯಂತ್ರದ ವಾರಂಟಿ ಯಾವ ದಿನಾಂಕಕ್ಕೆ ಮುಗಿಯುತ್ತದೆ? ಕಾರ್ಡ್ ಯಾರ ಬಳಿ ಇದೆ?
2. ಈಗ ಇಂಜಿನ್ನಿನಲ್ಲಿರುವ ಫಿಲ್ಟರ್ ಮೂರರಲ್ಲಿ ಯಾವ ಬಗೆಯದು? ಬಿಲ್ ಇದೆಯೇ?
3. ಅದನ್ನು ಕೊನೆಯ ಸಲ ತೆರೆದು ನೋಡಿದ್ದು ಯಾವಾಗ?
4. ಒಂದೇ ಮಾಡೆಲ್ ಯಂತ್ರ ಇರುವ ಸದಸ್ಯೆಯರು ಸೇರಿ ಕಂಪನಿಯ ಫಿಲ್ಟರ್‌ಗಳನ್ನು ಒಟ್ಟಿಗೆ ಕೊಂಡರೆ ಬೆಲೆಯಲ್ಲಿ ಎಷ್ಟು ರಿಯಾಯಿತಿ ಕೇಳಬಹುದು?