ಮೊಟ್ಟೆಯ ಬೆಲೆ ಏಕೆ ಏರಿಳಿಯುತ್ತದೆ?

ಅಂಗಡಿಯಲ್ಲಿ ಉಪ್ಪಿನ ಬೆಲೆ ತಿಂಗಳುಗಟ್ಟಲೆ ಒಂದೇ ಸಮನಾಗಿ ನಿಂತಿರುವುದುಂಟು. ಮೊಟ್ಟೆಯ ಬೆಲೆ ಹಾಗಲ್ಲ; ಅದು ದಿನದಿನಕ್ಕೂ ಬದಲಾಗಬಲ್ಲುದು. ವ್ಯಾಪಾರಿಗಳ ದುರಾಸೆಯೇ ಇದಕ್ಕೆ ಕಾರಣವೆಂದು ಹಲವರು ಭಾವಿಸುತ್ತಾರೆ. ಆದರೆ ಕೋಳಿಯ ಜೀವನಕ್ರಮವನ್ನೂ ಪೇಟೆಯ ನಡೆಯನ್ನೂ ಒಟ್ಟಿಗೆ ಪರಿಶೀಲಿಸಿದರೆ, ಇದರ ಮೂಲ ಬೇರೆಡೆಯಲ್ಲಿದೆಯೆಂಬುದು ತಿಳಿದುಬರುತ್ತದೆ.

ಮೊದಲು ಈ ಉದ್ಯಮದ ಗಾತ್ರವನ್ನು ಗಮನಿಸೋಣ. 1950-51ರಲ್ಲಿ ಭಾರತದಲ್ಲಿ ಉತ್ಪತ್ತಿಯಾದ ಮೊಟ್ಟೆಗಳ ಸಂಖ್ಯೆ ಸುಮಾರು 183 ಕೋಟಿ. 2023-24ರಲ್ಲಿ ಅದು ಸುಮಾರು 14,277 ಕೋಟಿಗೆ ಏರಿತು. ಎಂದರೆ ತಲೆಗೆ ವರ್ಷಕ್ಕೆ 103 ಮೊಟ್ಟೆಗಳು. ಹಿತ್ತಲಿನ ನಾಲ್ಕಾರು ಕೋಳಿಗಳ ಕಾಲ ಹೋಗಿ, ಸಾವಿರಾರು ಕೋಳಿಗಳನ್ನು ಒಂದೆಡೆ ಸಾಕುವ ಫಾರಂಗಳ ಕಾಲ ಬಂದಿದೆ. ಆಂಧ್ರಪ್ರದೇಶ, ತಮಿಳುನಾಡು ಮತ್ತು ತೆಲಂಗಾಣಗಳು ಈ ಕಾರ್ಯದಲ್ಲಿ ಮುಂದಿವೆ. ತಮಿಳುನಾಡಿನ ನಾಮಕ್ಕಲ್ ಪ್ರದೇಶವಂತೂ ಮೊಟ್ಟೆಗೆ ಹೆಸರಾಗಿದೆ.

ಕೋಳಿಯ ಕಾಲಗಣನೆ

ಮೊಟ್ಟೆಯೊಡೆದು ಮರಿ ಹೊರಬರಲು 21 ದಿನ ಬೇಕು. ಆ ಮರಿ ಬೆಳೆದು ಮೊಟ್ಟೆಯಿಡತೊಡಗಲು 18ರಿಂದ 20 ವಾರಗಳು ಹಿಡಿಯುತ್ತವೆ. ಇಳುವರಿ ಉತ್ತುಂಗದಲ್ಲಿರುವಾಗ 100 ಕೋಳಿಗಳಿಂದ ದಿನಕ್ಕೆ 90ಕ್ಕೂ ಹೆಚ್ಚು ಮೊಟ್ಟೆಗಳು ದೊರೆಯುತ್ತವೆ. ಅನಂತರ ಅದು ಮೆಲ್ಲನೆ ತಗ್ಗುತ್ತದೆ. ಸಾಮಾನ್ಯವಾಗಿ 72 ವಾರ, ಇಲ್ಲವೆ ಅದಕ್ಕೂ ಹೆಚ್ಚು ಕಾಲ ಹಿಂಡನ್ನು ಉಳಿಸಿಕೊಳ್ಳುತ್ತಾರೆ.

ಇದರಿಂದ ಎರಡು ಪರಿಣಾಮಗಳು ಉಂಟಾಗುತ್ತವೆ. ಇಂದು ಬೆಲೆ ಏರಿತೆಂದು ಮರಿ ತಂದವನಿಗೆ ಮೊಟ್ಟೆ ಕೈಸೇರುವುದು ಸುಮಾರು ಐದು ತಿಂಗಳ ಮೇಲೆ. ಬೆಲೆ ಕುಸಿದಾಗಲೂ ಅವನು ಕೈಕಟ್ಟಿ ಕೂಡುವಂತಿಲ್ಲ. ಗಿರಣಿಯ ಒಡೆಯನು ಯಂತ್ರವನ್ನು ನಿಲ್ಲಿಸಬಹುದು, ಕೋಳಿಯನ್ನು ನಿಲ್ಲಿಸಲಾಗದು. ಅದು ತಿನ್ನುತ್ತಲೇ ಇರುತ್ತದೆ, ಮೊಟ್ಟೆಯಿಡುತ್ತಲೇ ಇರುತ್ತದೆ. ಆ ಮೊಟ್ಟೆಯೂ ಬಹುಕಾಲ ಕೆಡದೆ ಉಳಿಯುವ ವಸ್ತುವಲ್ಲ. ಆದುದರಿಂದ ಬಂದ ಬೆಲೆಗೆ ಮಾರಲೇಬೇಕಾಗುತ್ತದೆ.

ಖರ್ಚಿನ ಲೆಕ್ಕ

ಮೊಟ್ಟೆಯ ಉತ್ಪಾದನೆಗೆ ತಗಲುವ ಖರ್ಚಿನಲ್ಲಿ ಬಹುಪಾಲು ಕೋಳಿಯ ಆಹಾರದ್ದೇ. ಮುಸುಕಿನ ಜೋಳ ಮತ್ತು ಸೋಯಾ ಹಿಂಡಿ ಅದರ ಮುಖ್ಯ ಪದಾರ್ಥಗಳು. ಒಂದು ಕೋಳಿ ದಿನಕ್ಕೆ ಸುಮಾರು 110 ಗ್ರಾಂ ಆಹಾರ ತಿನ್ನುತ್ತದೆ. ಆಹಾರದ ಬೆಲೆ ಕಿಲೋಗ್ರಾಮಿಗೆ 30 ರೂಪಾಯಿ ಎಂದಿಟ್ಟುಕೊಳ್ಳೋಣ. ಆಗ ಒಂದು ಕೋಳಿಯ ದಿನದ ಖರ್ಚು 3.30 ರೂಪಾಯಿ. ನೂರು ಕೋಳಿಗಳು 90 ಮೊಟ್ಟೆಯಿಟ್ಟರೆ ಒಂದು ಮೊಟ್ಟೆಗೆ ಆಹಾರದ ಖರ್ಚೇ 3.67 ರೂಪಾಯಿ, ಇಳುವರಿ 70ಕ್ಕೆ ಇಳಿದರೆ 4.71 ರೂಪಾಯಿ. ಕೋಳಿಗೆ ವಯಸ್ಸಾದಂತೆ ಲಾಭ ಕರಗುವ ಬಗೆ ಹೀಗೆ. ಮಳೆ ತಪ್ಪಿ ಜೋಳದ ಬೆಲೆ ಏರಿದರೆ, ಹೊಲವೇ ಇಲ್ಲದ ಕೋಳಿ ಸಾಕಣೆಗಾರನೂ ಬರದ ಬಿಸಿಯನ್ನು ಅನುಭವಿಸಬೇಕಾಗುತ್ತದೆ.

ಬೇಡಿಕೆಯ ಸ್ವರೂಪ

ನಮ್ಮ ದೇಶದಲ್ಲಿ ಚಳಿಗಾಲದಲ್ಲಿ ಮೊಟ್ಟೆಗೆ ಬೇಡಿಕೆ ಹೆಚ್ಚು. ಬೇಸಗೆಯಲ್ಲಿಯೂ ಶ್ರಾವಣಮಾಸ, ನವರಾತ್ರಿಗಳಂತಹ ವ್ರತಾಚರಣೆಯ ದಿನಗಳಲ್ಲಿಯೂ ಕಡಿಮೆ. ಅಲ್ಲದೆ, ಬೆಲೆ ತುಸು ಇಳಿದ ಮಾತ್ರಕ್ಕೆ ಜನರು ಎರಡರಷ್ಟು ಮೊಟ್ಟೆ ತಿನ್ನುವುದಿಲ್ಲ. ಏರಿದ ಮಾತ್ರಕ್ಕೆ ಪೂರ್ತಿ ಬಿಡುವುದೂ ಇಲ್ಲ. ಇದನ್ನೇ ಅರ್ಥಶಾಸ್ತ್ರಜ್ಞರು ಬೇಡಿಕೆಯ ಸ್ಥಿತಿಸ್ಥಾಪಕತ್ವ ಕಡಿಮೆಯೆಂದು ಹೇಳುತ್ತಾರೆ. ಇಂತಹ ಪದಾರ್ಥದ ಪೂರೈಕೆ ಸ್ವಲ್ಪ ಹೆಚ್ಚಿದರೂ ಬೆಲೆ ಬಹಳ ಕುಸಿಯುತ್ತದೆ. ಸ್ವಲ್ಪ ಕುಂದಿದರೂ ಬಹಳ ಏರುತ್ತದೆ.

ಈಗ ಕೋಳಿಯ ಕಾಲಗಣನೆಯನ್ನು ಇದರೊಡನೆ ಸೇರಿಸಿ ನೋಡಿರಿ. ಬೆಲೆ ಏರಿದಾಗ ಎಲ್ಲರೂ ಮರಿ ತರುತ್ತಾರೆ. ತಿಂಗಳುಗಳು ಕಳೆದ ಮೇಲೆ ಎಲ್ಲರ ಮೊಟ್ಟೆಯೂ ಒಮ್ಮೆಲೇ ಪೇಟೆಗೆ ಬಂದು ಬೆಲೆ ಬೀಳುತ್ತದೆ. ನಷ್ಟಕ್ಕೆ ಹೆದರಿ ಎಲ್ಲರೂ ಹಿಂಡನ್ನು ತಗ್ಗಿಸುತ್ತಾರೆ; ಮತ್ತೆ ಮೊಟ್ಟೆಯ ಅಭಾವವುಂಟಾಗಿ ಬೆಲೆ ಏರುತ್ತದೆ. ನಕ್ಷೆಯಲ್ಲಿ ಈ ಸುತ್ತಾಟವನ್ನು ಗೆರೆಯೆಳೆದು ತೋರಿಸಿದರೆ ಜೇಡರ ಬಲೆಯ ಆಕಾರ ಮೂಡುತ್ತದೆ. ಆದುದರಿಂದಲೇ ನಿಕೋಲಸ್ ಕಾಲ್ಡೋರ್ ಎಂಬ ಅರ್ಥಶಾಸ್ತ್ರಜ್ಞರು 1934ರಲ್ಲಿ ಇಂತಹ ಏರಿಳಿತದ ವಿವರಣೆಗೆ ಜೇಡರ ಬಲೆಯ ಹೆಸರನ್ನೇ ಇಟ್ಟರು.

ಒಂದೇ ರೋಗ, ಎರಡು ಫಲ

ಬೇಡಿಕೆ ಮತ್ತು ಪೂರೈಕೆ ಎಂಬ ಎರಡು ಶಕ್ತಿಗಳನ್ನು ಬೇರೆಬೇರೆಯಾಗಿ ತೋರಿಸುವ ಉದಾಹರಣೆಯೆಂದರೆ ಹಕ್ಕಿಜ್ವರ. 2006ರ ಫೆಬ್ರವರಿಯಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಈ ರೋಗ ಕಾಣಿಸಿಕೊಂಡಿತು. ಚೆನ್ನಾಗಿ ಬೇಯಿಸಿದ ಮೊಟ್ಟೆಯಿಂದ ರೋಗ ಹರಡುವುದಿಲ್ಲವಾದರೂ, ದೇಶದೆಲ್ಲೆಡೆ ಜನರು ಭಯಪಟ್ಟು ಕೊಳ್ಳುವುದನ್ನು ಬಿಟ್ಟರು. ರೋಗವೇ ಇಲ್ಲದ ದೂರದ ಊರುಗಳ ಸಾಕಣೆಗಾರರಿಗೂ ಬೆಲೆ ಕುಸಿದು ನಷ್ಟವಾಯಿತು. ಇಲ್ಲಿ ಕುಗ್ಗಿದುದು ಬೇಡಿಕೆ.

ಅಮೆರಿಕದಲ್ಲಿ ಇದಕ್ಕೆ ವಿರುದ್ಧವಾದ ಫಲ ಕಂಡುಬಂದಿತು. 2022ರಿಂದ ಅಲ್ಲಿ ಹರಡಿದ ಇದೇ ರೋಗದಿಂದ ಕೋಟಿಗಟ್ಟಲೆ ಮೊಟ್ಟೆಕೋಳಿಗಳು ನಾಶವಾದವು. ಜನರು ಮೊಟ್ಟೆ ಕೊಳ್ಳುವುದನ್ನು ಬಿಡಲಿಲ್ಲ, ಪೂರೈಕೆ ಕುಗ್ಗಿತು. 2022ರ ಜನವರಿಯಲ್ಲಿ ಡಜನ್ನಿಗೆ ಸರಾಸರಿ 1.93 ಡಾಲರ್ ಇದ್ದ ಚಿಲ್ಲರೆ ಬೆಲೆ 2025ರ ಮಾರ್ಚ್ ತಿಂಗಳಲ್ಲಿ 6.23 ಡಾಲರ್ ತಲುಪಿತು. ಆ ಬಳಿಕ ಅದು ಇಳಿಯಿತು.

ಏರಿಳಿತಕ್ಕೆ ಕಡಿವಾಣ

ಈ ಅಲೆಯನ್ನು ಪೂರ್ತಿ ಅಡಗಿಸಲು ಸಾಧ್ಯವಿಲ್ಲ, ತಗ್ಗಿಸಲು ಸಾಧ್ಯ. ಡಾ. ಬಿ.ವಿ. ರಾವ್ ಅವರ ಮುಂದಾಳ್ತನದಲ್ಲಿ 1982ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿಯು ವಲಯವಾರು ಸೂಚಿತ ದರಗಳನ್ನು ಪ್ರಕಟಿಸುತ್ತದೆ. ಪೇಟೆಯ ದರ ತಿಳಿಯದ ಸಣ್ಣ ಸಾಕಣೆಗಾರನಿಗೆ ಇದೊಂದು ಆಧಾರ. ಶೈತ್ಯಾಗಾರವಿದ್ದರೆ ಮೊಟ್ಟೆಯನ್ನು ಕೆಲವು ವಾರಗಳ ಕಾಲ ತಡೆದಿಡಬಹುದು.

ಮೂರನೆಯ ಉಪಾಯ ಸ್ಥಿರವಾದ ಗಿರಾಕಿ. ಶಾಲೆಯ ಮಕ್ಕಳಿಗೆ ಮೊಟ್ಟೆ ಕೊಡುವ ಯೋಜನೆಗಳು ತಮಿಳುನಾಡಿನಲ್ಲಿಯೂ ಕರ್ನಾಟಕದಲ್ಲಿಯೂ ಇವೆ. ಇವು ಮಕ್ಕಳಿಗೆ ಪೌಷ್ಟಿಕ ಆಹಾರವನ್ನೂ ಉದ್ಯಮಕ್ಕೆ ಖಚಿತವಾದ ಬೇಡಿಕೆಯನ್ನೂ ಒದಗಿಸುತ್ತವೆ. ಆದರೆ ಇಲ್ಲಿಯೂ ಒಂದು ತೊಡಕುಂಟು. ಯೋಜನೆಯಲ್ಲಿ ಒಂದು ಮೊಟ್ಟೆಗೆ ಗೊತ್ತುಮಾಡಿದ ಮೊತ್ತ ಬದಲಾಗದೆ ನಿಂತಿದ್ದು, ಪೇಟೆಯ ಬೆಲೆ ಅದನ್ನು ಮೀರಿದರೆ, ಆ ಕೊರತೆಯನ್ನು ಯಾರಾದರೊಬ್ಬರು ಹೊರಲೇಬೇಕು. ಇಲ್ಲವಾದರೆ ಮಗುವಿನ ತಟ್ಟೆ ಬರಿದಾಗುತ್ತದೆ. ಆದಕಾರಣ ಇಂತಹ ಮೊತ್ತವನ್ನು ನಿಗದಿಮಾಡುವವರು ಇಂದಿನ ದರವನ್ನಷ್ಟೇ ನೋಡಿದರೆ ಸಾಲದು. ಜೋಳದ ಬೆಳೆ, ಋತುವಿನ ಬೇಡಿಕೆ, ಐದು ತಿಂಗಳ ಹಿಂದೆ ಸಾಕಣೆಗಾರರು ತಂದ ಮರಿಗಳ ಸಂಖ್ಯೆ, ಈ ಮೂರನ್ನೂ ಅವರು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.